ಅರ್ಕಾವತಿಯ ಋಣ

ಬೆಂಗಳೂರನ್ನು ಕಟ್ಟಿದವರು ಯಾರೆಂದು ಕೇಳಿದರೆ ಕೆಂಪೇಗೌಡರಿಂದ ಹಿಡಿದು ದಿವಾನರವರೆಗೆ ದೊಡ್ಡ ಪಟ್ಟಿಯನ್ನೇ ಒಪ್ಪಿಸುತ್ತಾರೆ. ಅದರಲ್ಲಿ ಅರ್ಕಾವತಿಯ ಹೆಸರಿಲ್ಲ.

ನಂದಿಬೆಟ್ಟದಲ್ಲಿ ಹುಟ್ಟಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಸೇರುವ ಈ ಬಡ ನದಿ ಹಳೆಯ ಬೆಂಗಳೂರಿನೊಳಗೆ ಹರಿದದ್ದೇ ಇಲ್ಲ. ಆದರೂ ಆ ನಗರ ಬೆಳೆದದ್ದು ಇದರ ಎದೆಹಾಲು ಕುಡಿದು. ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳ ನೀರು ಸಾಲದಾದಾಗ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, 1894ರಲ್ಲಿ ಹೆಸರಘಟ್ಟದ ಕೆಲಸ ಆರಂಭವಾಯಿತು. 1896ರಲ್ಲಿ ನಲ್ಲಿಗೆ ನೀರು ಬಂತು. ಅದೂ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ. 1974ರಲ್ಲಿ ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಪಂಪು ಹಚ್ಚಿ ಮೇಲೆತ್ತಿ ತರುವವರೆಗೆ, ಹೆಚ್ಚುಕಡಿಮೆ 80 ವರ್ಷ, ನಗರವನ್ನು ಮುಖ್ಯವಾಗಿ ಸಾಕಿದ್ದು ಅರ್ಕಾವತಿಯೇ.

ಕಾವೇರಿ ಬಂದ ಮೇಲೆ ಹಳೆಯ ಸಾಕುತಾಯಿಯ ನೆನಪು ಯಾರಿಗೆ? ಜಲಾನಯನದಲ್ಲಿ ಬಡಾವಣೆಗಳೆದ್ದವು, ಹಳ್ಳಗಳು ಮುಚ್ಚಿದವು. 2003ರಲ್ಲಿ ಸರ್ಕಾರ ರಕ್ಷಣೆಯ ಆದೇಶ ಹೊರಡಿಸಿತು. 2019ರಲ್ಲಿ ತಾನೇ ಅದನ್ನು ಸಡಿಲಿಸಿತು. ಅಷ್ಟರಲ್ಲಾಗಲೇ, 2012ರಲ್ಲಿ, ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ನಿಂತುಹೋಗಿತ್ತು.

ಇನ್ನು ನಗರ ತೀರಿಸಿದ ಋಣದ ಕಥೆ. ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿ ಅರ್ಕಾವತಿಯ ಉಪನದಿ. ಅದನ್ನು ಚರಂಡಿ ಮಾಡಿ, ಮನೆಗಳ ಹೊಲಸನ್ನೂ ಕಾರ್ಖಾನೆಗಳ ವಿಷವನ್ನೂ ಬೈರಮಂಗಲದ ಕೆರೆಗೆ ತುಂಬಿದರು. ಹಿಂದೆ ನಾವು ಶಾಲೆಯಲ್ಲಿ ಮಕ್ಕಳಿಗೆ ನದಿಯನ್ನು ನೀಲಿ ಬಳಪದಲ್ಲಿ ಬರೆಯಲು ಹೇಳಿಕೊಟ್ಟವರು. ಆ ಕೆರೆಯ ನೊರೆಯನ್ನು ಕಂಡ ಮೇಲೆ ಹಾಗೆ ಹೇಳಲು ನಾಲಿಗೆ ಬಾರದು. ಅಚ್ಚುಕಟ್ಟಿನ ರೈತ ಆ ನೀರಿನಲ್ಲೇ ಎಳೆಜೋಳ, ಸೀಮೆಹುಲ್ಲು ಬೆಳೆಯುತ್ತಾನೆ, ಬೇರೆ ದಾರಿಯಿಲ್ಲ. ಆ ಹುಲ್ಲು ಮೇಯ್ದ ಹಸುವಿನ ಹಾಲು ಎಲ್ಲಿಗೆ ಹೋಗುತ್ತದೆಂದು ನಗರದ ಮಹಾಶಯರು ವಿಚಾರಿಸಿಕೊಳ್ಳಲಿ.

ಇದನ್ನು ಹಳ್ಳಿ-ಪಟ್ಟಣದ ಜಗಳವೆಂದು ಯಾರೂ ತಿರುಚಬಾರದು. ಕೊಳೆಗೇರಿಯಲ್ಲಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತ ಕೂಲಿಯ ಹೆಂಗಸಿಗೂ ಈ ನದಿಯಿಂದ ದಕ್ಕಿದ್ದು ಅಷ್ಟರಲ್ಲೇ ಇದೆ. ನದಿಯ ಲಾಭ ಉಂಡವರು ನಿವೇಶನ ಮಾರಿದವರು, ವಿಷ ಬಿಟ್ಟು ಖರ್ಚು ಉಳಿಸಿದವರು. ಶುದ್ಧಿಯ ವೆಚ್ಚವೂ ಅವರಿಂದಲೇ ವಸೂಲಾಗಬೇಕು. ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳೂ ಬೈರಮಂಗಲದ ಪಂಚಾಯಿತಿ ಬಾಗಿಲಿಗೆ, ರೈತ ಓದಿಕೊಳ್ಳುವ ಕನ್ನಡದಲ್ಲಿ, ಅಂಟಿಸಬೇಕು. ಹಾಗಲ್ಲದೆ ಕೊಳಚೆಯನ್ನು ಕೆರೆಯ ಪಕ್ಕದಿಂದ ಕಾಲುವೆಯಲ್ಲಿ ಸಾಗಹಾಕುವ ಉಪಾಯಕ್ಕೆ ನಮ್ಮ ಒಪ್ಪಿಗೆಯಿಲ್ಲ. ಕೆಳಗೆ ಕನಕಪುರವಿದೆ, ಅದರಾಚೆ ಹಾರೋಬೆಲೆಯ ಅಣೆಕಟ್ಟಿದೆ, ಅದನ್ನು ನಂಬಿದ ಹೊಲಗಳಿವೆ.