ಕೂರಿಗೆಯ ನಾಡಿನಲ್ಲಿ ಬಿತ್ತುವವನ ಸಾಮ್ಯ

ಶ್ರಾವಣಮಾಸ ಬಂತೆಂದರೆ ನಮ್ಮ ಕಡೆಯ ಮಠಗಳಲ್ಲಿ ಪುರಾಣ ಹಚ್ಚುವ ಪದ್ಧತಿಯನ್ನು ವಾಚಕರು ಬಲ್ಲರು. ಒಬ್ಬರು ಪದ್ಯವನ್ನು ರಾಗವಾಗಿ ಓದುವರು, ಇನ್ನೊಬ್ಬರು ಅದರ ಅರ್ಥ ಹೇಳುವರು. ನಿನ್ನೆ ಎಲ್ಲಿಗೆ ನಿಂತಿತೋ ಇಂದು ಅಲ್ಲಿಂದಲೇ ಮುಂದಕ್ಕೆ ಸಾಗುವದು. ಈ ಭಾಗ ತನಗೆ ಹಿಡಿಸಲಿಲ್ಲವೆಂದು ನಡುವಿನ ಒಂದು ಸಂಧಿಯನ್ನು ಹಾರಿಸಿಬಿಡುವ ಸ್ವಾತಂತ್ರ್ಯ ಅರ್ಥ ಹೇಳುವವರಿಗಿಲ್ಲ. ಕ್ರೈಸ್ತ ಸಭೆಗಳಲ್ಲಿಯೂ ಇದಕ್ಕೆ ಹತ್ತಿರವಾದ ಒಂದು ಪದ್ಧತಿಯುಂಟು. ಒಂದು ಸುವಾರ್ತೆಯನ್ನಾಗಲಿ ಕೀರ್ತನೆಗಳ ಗ್ರಂಥವನ್ನಾಗಲಿ ಕೈಗೆತ್ತಿಕೊಂಡು, ಆದಿತ್ಯವಾರದಿಂದ ಆದಿತ್ಯವಾರಕ್ಕೆ ಅನುಕ್ರಮವಾಗಿ ವಿವರಿಸುತ್ತ ಹೋಗುವ ಪ್ರಸಂಗಕ್ರಮ ಅದು. ಈ ತಿಂಗಳು ಅದನ್ನೇ ಕುರಿತು ಬರೆಯಬೇಕೆಂದಿದ್ದೇನೆ.

ಈ ಕ್ರಮ ಬಹಳ ಹಳೆಯದು. ಬಾಬೆಲಿನ ಸೆರೆಯಿಂದ ಮರಳಿದ ಯೆಹೂದ್ಯರು ಊರಬಾಗಿಲ ಬಯಲಿನಲ್ಲಿ ನೆರೆದಾಗ ಧರ್ಮಶಾಸ್ತ್ರವನ್ನು ಸ್ಪಷ್ಟವಾಗಿ ಓದಿ ಅರ್ಥ ತಿಳಿಸಿದರೆಂದು ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯ ಹೇಳುವದು. ನಜರೇತಿನ ಸಭಾಮಂದಿರದಲ್ಲಿ ಯೇಸು ಮಾಡಿದ್ದೂ ಅದನ್ನೇ: ಎದ್ದುನಿಂತು ಯೆಶಾಯನ ಸುರುಳಿಯನ್ನು ಓದಿ, ಸುತ್ತಿ ಕೊಟ್ಟು, ಕುಳಿತು ಮಾತಾಡತೊಡಗಿದನು. ನಾಲ್ಕನೆಯ ಶತಮಾನದ ಅಂತಿಯೋಕ್ಯದಲ್ಲಿ ಯೋಹಾನ ಕ್ರಿಸೊಸ್ತೊಮನು ಮತ್ತಾಯನ ಸುವಾರ್ತೆಯೊಂದರ ಮೇಲೆಯೇ ಮಾಡಿದ 90 ಪ್ರಸಂಗಗಳು ಇಂದಿಗೂ ಉಳಿದಿವೆ. 1519ರ ಜನವರಿ ಮೊದಲನೆಯ ದಿನ ಸ್ವಿಟ್ಸರ್ಲೆಂಡಿನ ಜೂರಿಕ್ ನಗರದಲ್ಲಿ ಜ್ವಿಂಗ್ಲಿಯು, ಹಬ್ಬಹಬ್ಬಕ್ಕೆ ಗೊತ್ತುಮಾಡಿದ ಪಾಠಗಳನ್ನು ಬದಿಗಿಟ್ಟು, ಮತ್ತಾಯನ ಮೊದಲನೆಯ ಅಧ್ಯಾಯದಿಂದ ಸಾಲಾಗಿ ಪ್ರಸಂಗಿಸಲಾರಂಭಿಸಿದನು. ಜಿನೀವದ ಕಾಲ್ವಿನನ ಸಂಗತಿ ಇನ್ನೂ ಸ್ವಾರಸ್ಯವಾದದ್ದು. 1538ರಲ್ಲಿ ಊರವರು ಅವನನ್ನು ಹೊರಗೆ ಹಾಕಿದರು. 1541ರಲ್ಲಿ ತಾವೇ ಮರಳಿ ಕರೆಸಿಕೊಂಡರು. ಈಗ ನಮಗೆ ತಕ್ಕ ಶಾಸ್ತಿ ಮಾಡುವನೆಂದು ಜನ ಕಾದು ಕುಳಿತಿರಲು, ಅವನು ಪೀಠವೇರಿ, ಮೂರು ವರ್ಷಗಳ ಹಿಂದೆ ಬಿಟ್ಟಿದ್ದ ವಚನದ ಮುಂದಿನ ವಚನವನ್ನು ಓದಿ ಅರ್ಥ ಹೇಳತೊಡಗಿದನಂತೆ!

ನಮ್ಮ ನಾಡಿಗೆ ಇದು ಬರಲು ಮೊದಲು ಕನ್ನಡದಲ್ಲಿ ಗ್ರಂಥ ಬೇಕಾಗಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರಕ್ಕೆ ಕೈಹಚ್ಚಿದನು. 1831ರ ಹೊತ್ತಿಗೆ ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ ಬಂದು, 1851ರಲ್ಲಿ ಅಮೀನಗಡಕ್ಕೆ ಪಡುವಲಲ್ಲಿರುವ ಗುಳೇದಗುಡ್ಡದ ನೇಕಾರರ ನಡುವೆ ನೆಲೆಮಾಡಿದರು. ಅವರು ಆರಿಸಿಕೊಂಡ ಕನ್ನಡ ಶಬ್ದಗಳನ್ನು ನೋಡಿರಿ. ದಾವೀದನ ಹಾಡುಗಳಿಗೆ ಕೀರ್ತನೆಗಳೆಂದು ಹೆಸರು. ದಾಸರ ಪದಗಳನ್ನು ಕೇಳಿ ಬೆಳೆದ ಕಿವಿಗೆ ಆ ಮಾತು ಹೊಸದಲ್ಲ. ಅಧ್ಯಾಯದ ಒಂದೊಂದು ವಾಕ್ಯಕ್ಕೆ ವಚನವೆಂದು ಹೆಸರು. ಕೂಡಲಸಂಗಮವು ಇರುವದೇ ಹುನಗುಂದ ತಾಲೂಕಿನಲ್ಲಿ, ಆದ್ದರಿಂದ ವಚನವೆಂದರೇನೆಂದು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಪದ್ಯ ಓದಿ ಅರ್ಥ ಹೇಳುವ ಪರಿಪಾಠವಂತೂ ಮೊದಲೇ ಇದ್ದಿತು.

ಆದರೆ ಅನುಕ್ರಮದ ಪ್ರಸಂಗ ಎಲ್ಲ ಕಡೆಯಲ್ಲಿಯೂ ನಡೆಯುವದೆಂದು ತಿಳಿಯಬಾರದು. ವರ್ಷದ ಹಬ್ಬಗಳಿಗೆ ಹೊಂದಿಸಿ ಗೊತ್ತುಪಡಿಸಿದ ಪಾಠಗಳನ್ನು ಓದುವ ಸಭೆಗಳು ಬಹಳ. ಅದರಲ್ಲಿಯೂ ಒಂದು ಕಟ್ಟುನಿಟ್ಟುಂಟು, ಅದನ್ನು ನಾನು ಹಳಿಯೆನು. ನನಗೆ ಹಿಡಿಸದ್ದು ಮೂರನೆಯ ಬಗೆ. ಮನಸ್ಸಿಗೆ ಬಂದ ಒಂದು ವಚನವನ್ನು ಎತ್ತಿಕೊಂಡು, ಅದರ ಹಿಂದುಮುಂದು ನೋಡದೆ, ತಾನು ಹೇಳಬೇಕೆಂದಿದ್ದನ್ನು ಅದರ ಮೇಲೆ ಹೇರುವದು. ಅಮೀನಗಡದ ಕರದಂಟಿನೊಳಗಿಂದ ಗೋಡಂಬಿಯನ್ನಷ್ಟೇ ಹೆಕ್ಕಿ ತಿಂದು ಉಳಿದದ್ದನ್ನು ತಟ್ಟೆಯಲ್ಲಿ ಬಿಡುವ ಹುಡುಗರನ್ನು ನೀವು ಕಂಡಿರಬಹುದು. ಆ ಜಾತಿಯ ಪ್ರಸಂಗವಿದು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿರುವರು. ಕೊಂಡಿ ಬಿಚ್ಚಿದರೆ ಸೆರಗು ಬೇರೆ, ಒಡಲು ಬೇರೆ. ವಚನಕ್ಕೂ ವಚನಕ್ಕೂ ನಡುವೆ ಅಂಥ ಕೊಂಡಿಗಳಿರುವವು. ಅವನ್ನು ತೋರಿಸಿಕೊಡುವದೇ ಅರ್ಥ ಹೇಳುವವನ ಮುಖ್ಯ ಕೆಲಸವೆಂದು ನನ್ನ ಅಭಿಪ್ರಾಯ.

ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯಕ್ಕೆ ಬರೋಣ. ಬಿತ್ತುವವನೊಬ್ಬನು ಬಿತ್ತಲು ಹೊರಟನು. ಕೆಲವು ಬೀಜ ದಾರಿಯ ಮಗ್ಗುಲಲ್ಲಿಯೂ, ಕೆಲವು ಕಲ್ಲುನೆಲದಲ್ಲಿಯೂ, ಕೆಲವು ಮುಳ್ಳುಗಿಡಗಳಲ್ಲಿಯೂ, ಕೆಲವು ಒಳ್ಳೆಯ ಭೂಮಿಯಲ್ಲಿಯೂ ಬಿದ್ದವು. ಹುನಗುಂದ ಸೀಮೆಯ ಒಕ್ಕಲಿಗನು ಇದನ್ನು ಕೇಳಿದ ಕೂಡಲೇ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವದು. ದಾರಿಯ ಮೇಲೆ ಬೀಜ ಚೆಲ್ಲುವ ದಡ್ಡನು ಯಾವನು? ಈ ಕಡೆಯ ಎರೆಯ ಹೊಲಗಳಲ್ಲಿ ಬಿತ್ತಿಗೆಯೆಂದರೆ ಕೂರಿಗೆಯ ಬಿತ್ತಿಗೆ. ಎತ್ತು ಹೂಡಿ ಗಂಡಸು ಕೂರಿಗೆ ನಡೆಸುತ್ತಿದ್ದರೆ, ಹಿಂದೆ ಹೆಂಗಸು ಮುಷ್ಟಿಯಿಂದ ಕಾಳನ್ನು ಬಟ್ಟಲಿಗೆ ಬಿಡುತ್ತ ನಡೆಯುವಳು. ಕಾಳು ಕೊಳವೆಯೊಳಗಿಂದ ಇಳಿದು ಸಾಲಿನ ಹಸಿಯಲ್ಲಿಯೇ ಬೀಳುವದು. ಒಂದು ಕಾಳು ಹೊರಗೆ ಸಿಡಿದರೆ ಅವಳಿಗೆ ಮಾತು ಬರುವದು. ಅರ್ಥ ಹೇಳುವವನು ಇಲ್ಲಿ ನಿಲ್ಲಲೇಬೇಕು. ಆ ನಾಡಿನಲ್ಲಿ ಬೀಜವನ್ನು ಮಡಿಲಲ್ಲಿ ಕಟ್ಟಿಕೊಂಡು ಕೈಯಿಂದ ಎರಚಿ ಬಿತ್ತುವ ವಾಡಿಕೆ ಇದ್ದಿತು. ಹೊಲದ ನಡುವೆ ಕಾಲುದಾರಿ ಹಾಯ್ದಿರುವದು, ತೆಳುವಾದ ಮಣ್ಣಿನ ಕೆಳಗೆ ಸುಣ್ಣಗಲ್ಲು ಹಾಸಿರುವದು. ಇಷ್ಟು ತಿಳಿಸಿದ ಮೇಲೆ ಒಕ್ಕಲಿಗನ ಪ್ರಶ್ನೆಯೇ ಸಾಮ್ಯದ ಒಳಗೆ ಕರೆದೊಯ್ಯುವದು. ಇವನು ನೆಲವನ್ನು ಆರಿಸಿ ಕಾಳನ್ನು ಎಣಿಸಿ ಬಿಡುವವನಲ್ಲ, ಕೈತುಂಬ ಎರಚುವವನು. ಕೂರಿಗೆಯವರಿಗೆ ಅದು ದಂಡವೆಂದು ತೋರುವದು, ಹಾಗೆ ತೋರಲೂ ಬೇಕು.

ಇನ್ನೊಂದು ಸಣ್ಣ ಸಂಗತಿ. ಮಾರ್ಕನು ಫಲವನ್ನು ಮೂವತ್ತು, ಅರವತ್ತು, ನೂರು ಎಂದು ಏರಿಸುತ್ತ ಹೋಗುವನು. ಮತ್ತಾಯನು ನೂರು, ಅರವತ್ತು, ಮೂವತ್ತು ಎಂದು ಇಳಿಸುತ್ತ ಬರುವನು. ಲೂಕನು ನೂರನ್ನು ಮಾತ್ರ ಹೇಳುವನು. ಇಂಥ ವ್ಯತ್ಯಾಸಗಳಿಂದ ದೊಡ್ಡ ಸಿದ್ಧಾಂತ ಕಟ್ಟಬೇಕಾಗಿಲ್ಲ, ಆದರೆ ಕಣ್ಣಿಟ್ಟು ಓದುವವನಿಗೆ ಅವು ಕಾಣದೆ ಹೋಗುವದಿಲ್ಲ. ಈ ಸಾಮ್ಯಕ್ಕೆ ಅರ್ಥವನ್ನು ಅದೇ ಅಧ್ಯಾಯದಲ್ಲಿ ಯೇಸುವೇ ಶಿಷ್ಯರಿಗೆ ಹೇಳಿರುವನೆಂಬದನ್ನೂ ಮರೆಯಬಾರದು.

ಬಿತ್ತಿಗೆಯ ಮಾತು ಕೀರ್ತನೆಗಳಲ್ಲಿಯೂ ಉಂಟು, ಅಲ್ಲಿ ವಿಷಯ ಇನ್ನೂ ಕಠಿಣ. 120ರಿಂದ 134ರ ವರೆಗಿನ ಹದಿನೈದು ಕೀರ್ತನೆಗಳು ಯಾತ್ರಿಕರ ಹಾಡುಗಳು. ಅವುಗಳಲ್ಲಿ 126ನೆಯದಕ್ಕೆ ಆರೇ ವಚನಗಳು. ಅದರ ಐದನೆಯ ವಚನವನ್ನು, ಕಣ್ಣೀರಿನಿಂದ ಬಿತ್ತುವವರು ಹರ್ಷದಿಂದ ಕೊಯ್ಯುವರೆಂಬ ಭಾವದ್ದನ್ನು, ಗೋಡೆಗೆ ಬರೆದು ತೂಗಹಾಕದ ಕ್ರೈಸ್ತರ ಮನೆ ವಿರಳ. ಬಿತ್ತುವಾಗ ಅಳುವದೇಕೆ? ಪೇಟೆಯವರಿಗೆ ಇದು ಬರಿಯ ಅಲಂಕಾರವೆಂದು ತೋರಬಹುದು. ಧಾತು, ಈಶ್ವರ ಸಂವತ್ಸರಗಳ ಬರವನ್ನು, ಅಂದರೆ 1876ರಿಂದ 1878ರ ವರೆಗಿನ ಮಹಾಕ್ಷಾಮವನ್ನು ಕಂಡವರಿಗೆ ಹಾಗೆ ತೋರಿರಲಾರದು. ಆಗ ಹುನಗುಂದ, ಬದಾಮಿ, ಬಾಗಲಕೋಟೆಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. ಬಹಳ ಪೆಟ್ಟು ತಿಂದ ಜಿಲ್ಲೆಗಳಲ್ಲಿ ಅದೂ ಒಂದು. ಹಗೇವಿನ ತಳದಲ್ಲಿ ಬೀಜಕ್ಕೆಂದು ಉಳಿಸಿದ ಜೋಳವಿದ್ದು, ಮನೆಯಲ್ಲಿ ಮಕ್ಕಳು ಹಸಿದು ಕುಳಿತಿರುವಾಗ, ಆ ಜೋಳವನ್ನು ಮಣ್ಣಿಗೆ ಹಾಕುವದೆಂದರೆ ಮಕ್ಕಳ ಬಾಯಿಂದ ಕಿತ್ತು ಹಾಕಿದಂತೆಯೇ. ಅಳು ಅಲ್ಲಿಂದ ಬರುವದು.

ಆದರೆ ಆ ವರ್ಷ ಮಳೆ ಕೈಕೊಟ್ಟಿತು. ಅಳುತ್ತ ಬಿತ್ತಿದವರಲ್ಲಿ ಎಷ್ಟೋ ಮಂದಿ ಕೊಯ್ಯಲಿಲ್ಲ. ಐದನೆಯ ವಚನವೊಂದನ್ನೇ ಹೆಕ್ಕಿಕೊಂಡ ಪ್ರಸಂಗಿಯು ಅಂಥವನ ಎದುರಿಗೆ ಏನು ಹೇಳಿಯಾನು? ಒಂದೋ ವಚನ ಸುಳ್ಳಾಯಿತೆನ್ನಬೇಕು. ಇಲ್ಲವೇ, ಅಪ್ಪಾ, ನಿನ್ನ ನಂಬಿಕೆಯೇ ಸಾಲದಾಯಿತು ಎನ್ನಬೇಕು. ಎರಡನೆಯದನ್ನು ಹೇಳುವವರು ಇಂದಿಗೂ ಇದ್ದಾರೆ. ಬೆಳೆ ಹೋದವನ ಮೇಲೆ ಪಾಪದ ಹೊರೆಯನ್ನೂ ಹೊರಿಸುವ ಈ ಕ್ರೌರ್ಯಕ್ಕೆ ದೇವರ ವಾಕ್ಯವನ್ನು ಸಾಕ್ಷಿಗೆ ಕರೆಯುವದನ್ನು ನಾನು ಸಹಿಸಲಾರೆನು.

ಮೊದಲಿನಿಂದ ಓದಿದರೆ ಕೊಂಡಿ ಕಾಣುವದು. ಮೊದಲ ಮೂರು ವಚನಗಳು ಹಿಂದೆ ನಡೆದದ್ದರ ನೆನಪು: ಸೆರೆಯಿಂದ ಬಿಡಿಸಿ ತಂದಾಗ ಕನಸು ಕಂಡವರಂತಿದ್ದೆವು, ಬಾಯಿತುಂಬ ನಕ್ಕೆವು. ನಾಲ್ಕನೆಯದು ಬೇಡಿಕೆ: ದಕ್ಷಿಣದ ಒಣಸೀಮೆಯ ಹಳ್ಳಗಳಿಗೆ ನೀರು ಬರುವಂತೆ ನಮ್ಮ ಸ್ಥಿತಿಯನ್ನು ತಿರುಗಿಸು ಎಂದು. ಬೇಸಿಗೆಯಲ್ಲಿ ಮರಳು ಮಾತ್ರ ಉಳಿದ ಹಳ್ಳವು ಒಂದೇ ರಾತ್ರಿಯ ಮಳೆಗೆ ಎರಡೂ ದಂಡೆ ತುಂಬಿ ಬರುವದನ್ನು ಕಂಡ ನಮ್ಮವರಿಗೆ ಈ ಉಪಮೆ ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳ ಬರಿಸುವದು ಮನುಷ್ಯನ ಕೈಯಲ್ಲಿಲ್ಲ. ಅಂದರೆ ಹಾಡುವವರು ಇನ್ನೂ ಬರದಲ್ಲಿಯೇ ಇದ್ದಾರೆ. ಐದನೆಯ ವಚನ ಬರುವದು ಬೇಡುತ್ತಿರುವ ಬಾಯಿಂದ, ಕಣದಲ್ಲಿ ರಾಶಿ ಹಾಕಿ ಕುಳಿತವನ ಬಾಯಿಂದಲ್ಲ. ಈ ವರ್ಷವೇ ಬೆಳೆ ಬಂದೀತೆಂದು ಅದು ತಿಥಿ ಗೊತ್ತುಮಾಡುವದಿಲ್ಲ. ಇನ್ನೂ ಒಂದುಂಟು. ಮೊದಲಿನಿಂದ ನಾವು, ನಮ್ಮ ಎಂಬ ಬಹುವಚನ. ಆರನೆಯದಕ್ಕೆ ಬಂದಾಗ ಬೀಜ ಹೊತ್ತು ಅಳುತ್ತ ಹೋಗುವವನು ಒಬ್ಬನು. ಆ ಒಬ್ಬನಿಗಾಗಿ ಬೇಡುವವರು ಅವನ ಹಿಂದೆ ಒಂದು ಸಭೆಯಾಗಿ ನಿಂತಿರುವರು. ಹಾಗೆ ಬೇಡಿದ ಸಭೆ ಅವನ ಮನೆಯಲ್ಲಿ ಒಲೆ ಉರಿಯುವದೋ ಇಲ್ಲವೋ ಎಂದು ನೋಡದೆ ತನ್ನ ಮನೆಗೆ ಹೋಗುವಂತಿಲ್ಲ.

ಅನುಕ್ರಮದ ಹಾದಿಯಲ್ಲಿ 88ನೆಯ ಕೀರ್ತನೆಯೂ ಎದುರಾಗುವದು. ಇತರ ಶೋಕಗೀತಗಳಲ್ಲಿ ಬಹಳಷ್ಟು ಕಡೆಗೆ ಸ್ತೋತ್ರಕ್ಕೆ ಹೊರಳಿದರೆ, ಇದು ಕತ್ತಲೆಯೆಂಬ ಮಾತಿನಲ್ಲಿಯೇ ಮುಗಿಯುವದು. ಆರಿಸಿ ಪ್ರಸಂಗಿಸುವವರು ಇದರ ತಂಟೆಗೆ ಹೋಗರು. ಸಾಲಾಗಿ ಬರುವವನಿಗೆ ಮಾತ್ರ ತಪ್ಪದು. ಅಂದು ಸಭೆಯಲ್ಲಿ ಮಗುವನ್ನು ಮಣ್ಣು ಮಾಡಿ ಬಂದ ತಾಯಿ ಕುಳಿತಿದ್ದರೆ, ತನ್ನ ದುಃಖಕ್ಕೂ ಗ್ರಂಥದಲ್ಲಿ ಎಡೆಯುಂಟೆಂದು ಅವಳು ತಿಳಿಯುವಳು. ಶಿಲುಬೆಯ ಮೇಲೆ ಯೇಸು ಕೂಗಿದ ಮಾತು ಸಹ 22ನೆಯ ಕೀರ್ತನೆಯ ಮೊದಲ ಮಾತೆಂದು ಮಾರ್ಕನ 15ನೆಯ ಅಧ್ಯಾಯವನ್ನು ಓದುವವರು ಬಲ್ಲರು.

ಈ ಕ್ರಮಕ್ಕೂ ಅತಿರೇಕವುಂಟು. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಜೋಸೆಫ್ ಕ್ಯಾರಿಲ್ ಎಂಬವನು ಯೋಬನ ಗ್ರಂಥವೊಂದನ್ನೇ ಇಪ್ಪತ್ತು ವರ್ಷಕ್ಕೂ ಮೇಲೆ ವಿವರಿಸಿದನು. ಯೋಬನ ತಾಳ್ಮೆ ಕೇಳುವವರಿಗೆ ಆಗ ಚೆನ್ನಾಗಿ ಅಭ್ಯಾಸವಾಗಿರಬೇಕು. ಮನೆಯಲ್ಲಿ ಓದುವವರು ಅಷ್ಟಕ್ಕೆ ಹೋಗಬೇಕಾಗಿಲ್ಲ. ಯಾತ್ರಿಕರ ಹದಿನೈದು ಹಾಡುಗಳನ್ನು ದಿನಕ್ಕೊಂದರಂತೆ ಓದಿದರೆ ಒಂದು ಪಕ್ಷದಲ್ಲಿ ಮುಗಿಯುವವು. ಬಿತ್ತುವವನ ಹಾಡಾದ ಮರುದಿನ 127ನೆಯದು ಬರುವದು. ಅಲ್ಲಿ ಹೊಲವಿಲ್ಲ, ಮನೆ ಕಟ್ಟುವವರೂ ರಾತ್ರಿ ಊರು ಕಾಯುವವರೂ ಇದ್ದಾರೆ.