‘ಸೊಪ್ಪು’ ಗೊತ್ತಿದ್ದವರೆಲ್ಲ ಗಾಂಜಾ ಸೇದುವುದಿಲ್ಲ

ಹುಡುಗರ ಬಾಯಲ್ಲಿ ‘ಸ್ಕೆಚ್ಚು’, ‘ಲಾಂಗು’, ‘ಸೊಪ್ಪು’ ಬಂತೆಂದರೆ ಕೆಟ್ಟರು ಎಂದೇ ಲೆಕ್ಕ ಹಾಕುವವರು ಮೊದಲು ಮುಂದೆ ಹಿಡಿಯುವುದು ಅಮೆರಿಕದ ಸಂಶೋಧನೆಯನ್ನು. ಇರಲಿ, ಅದನ್ನೇ ನೋಡೋಣ. ನ್ಯೂಯಾರ್ಕಿನ ಹುಡುಗ ಹುಡುಗಿಯರ ಬಗ್ಗೆ ಪಾಲ್ ಲರ್ಮನ್ 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೀದಿಯ ಗೂಢಪದಗಳ ಅರಿವಿಗೂ ಅಡ್ಡದಾರಿಗೂ ನಂಟು ಕಂಡದ್ದು ನಿಜ. ಆದರೆ ಅಲ್ಲಿ ಪರೀಕ್ಷೆಗಿಟ್ಟದ್ದು ಅಕ್ರಮ ಜಗತ್ತಿಗೆ ಅಂಟಿಕೊಂಡ ಆಯ್ದ ಪದಗಳನ್ನು. ನಮ್ಮವರು ಅದೇ ತಕ್ಕಡಿಯಲ್ಲಿ ‘ಮಗಾ’, ‘ಮಚ್ಚಾ’, ‘ಸಕ್ಕತ್’ಗಳನ್ನೂ ತೂಗುತ್ತಾರೆ. ಮೇಲಾಗಿ ಪದವನ್ನೂ ಚಟವನ್ನೂ ಒಂದೇ ಸಹವಾಸ ಕಲಿಸಿರಬಹುದು. ಅಷ್ಟಕ್ಕೇ ಪದವೇ ಚಟ ಹತ್ತಿಸಿತು ಎಂದರೆ ಹೇಗೆ?

ಸಿನಿಮಾ ಕಲಿಸಿತು ಎನ್ನುತ್ತಾರೆ. ಕಲಿಸಿತು, ಸರಿಯೇ. 1995ರ ‘ಓಂ’ನಲ್ಲಿ ಭೂಗತ ಲೋಕದ ಅಸಲಿ ಮುಖಗಳೇ ತೆರೆಗೆ ಬಂದವು, 2005ರ ‘ಜೋಗಿ’ ಬಂದಮೇಲೆ ಲಾಂಗು ಏನೆಂದು ಯಾವ ಹಳ್ಳಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಆ ಚಿತ್ರಗಳಿಗೆ ಶಿಳ್ಳೆ ಹೊಡೆದವರು ಇಂದು ಬ್ಯಾಂಕಿನ ಕೌಂಟರಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತಿದ್ದಾರೆ. ‘ಸುಪಾರಿ’ಯಂತೂ ಪತ್ರಿಕೆಗಳ ತಲೆಬರಹಕ್ಕೇ ಏರಿದೆ, ಅದನ್ನು ಓದುವ ಅಜ್ಜನ ಮೇಲೂ ನಿಗಾ ಇಡೋಣವೇ?

‘ನಮ್ಮ ಕಾಲದಲ್ಲಿ ಗುಟ್ಟಿನ ಮಾತಿರಲಿಲ್ಲ’ ಎಂಬ ವಾದಕ್ಕೆ ದನದ ಜಾತ್ರೆಯೊಂದೇ ಸಾಕು. ಟವೆಲ್ಲಿನಡಿ ಬೆರಳು ಹಿಡಿದು ರೇಟು ಕುದುರಿಸಿದವರು ಯಾರು?

ಇನ್ನು ಅವರ ಮುಖ್ಯ ಬೇಡಿಕೆ: ಇಂಥ ಮಾತಾಡಿದರೆ ದಂಡ ಹಾಕಿ, ಟೀಸಿ ಕೊಟ್ಟು ಕಳಿಸಿ. ಇಲ್ಲೇ ನನಗೆ ಭಯ. ಬೆಂಗಳೂರಿನ ಹುಡುಗ ಫೋನಿನಲ್ಲಿ ‘ಸೊಪ್ಪು ಇದ್ಯಾ?’ ಎಂದರೆ ಅಮ್ಮ ಸಾರಿಗೇ ಇರಬೇಕು ಅಂದುಕೊಂಡಾಳು. ಅರ್ಥ ಗೊತ್ತಿದ್ದರೆ, ಯಾರ ಜೊತೆ ಮಾತಾಡಿದೆ ಎಂದಾದರೂ ಕೇಳುತ್ತಾಳೆ. ಆ ಪದಕ್ಕೆ ದಂಡ ಹಾಕಿ ನೋಡಿ. ನಾಳೆ ಬೇರೆ ಪದ ಹುಟ್ಟುತ್ತದೆ. ಸೇದುವುದು ನಿಲ್ಲುವುದಿಲ್ಲ, ಅಮ್ಮನ ಕಿವಿ ಮಾತ್ರ ಕಿವುಡಾಗುತ್ತದೆ. ಟೀಸಿ ಪಡೆದವನು ಹೋಗಿ ನಿಲ್ಲುವುದಾದರೂ ಎಲ್ಲಿ? ಆ ಪದ ಕಲಿಸಿದ ಬೀದಿ ತುದಿಯಲ್ಲೇ.

‘ಕಾನೂನೇ ಸಡಿಲ’ ಎನ್ನುವವರು 2015ರ ಬಾಲನ್ಯಾಯ ಕಾಯ್ದೆಯನ್ನೊಮ್ಮೆ ಓದಲಿ. ಹದಿನಾರು ತುಂಬಿದವನ ಮೇಲೆ ಘೋರ ಅಪರಾಧದ ಆರೋಪ ಬಂದರೂ ಬಾಲನ್ಯಾಯ ಮಂಡಳಿ ಅಳೆಯುವುದು ಅವನ ದೈಹಿಕ, ಮಾನಸಿಕ ಸಾಮರ್ಥ್ಯ, ಪರಿಣಾಮದ ತಿಳಿವಳಿಕೆ, ಕೃತ್ಯ ನಡೆದ ಸಂದರ್ಭ ಇಷ್ಟನ್ನೇ. ಅವನ ಡೈಲಾಗುಗಳಿಗೆ ಅಲ್ಲಿ ಅಂಕವಿಲ್ಲ.