ಐದನೆಯ ವರ್ಷದ ಪರೀಕ್ಷೆ



ಕಳೆದ ಸಂಚಿಕೆಯಲ್ಲಿ ಈ ಅಂಕಣವು ಏಕೆ ಬರಲಿಲ್ಲವೆಂದು ಕೇಳಿ ನಮಗೆ ಕೆಲವು ಕಾಗದಗಳು ಬಂದಿವೆ. ಊರಿನಲ್ಲಿರಲಿಲ್ಲವೆಂದು ಉತ್ತರ ಬರೆದು ಸುಮ್ಮನಾಗಬಹುದಾಗಿತ್ತು. ಆದರೆ ಒಗ್ಗರಣೆಯಿಂದ ಹಿಡಿದು ಬಾಣಂತನದವರೆಗೆ ಏನನ್ನೂ ಮರೆಮಾಚದೆ ಇಲ್ಲಿ ಮಾತನಾಡಿಕೊಂಡು ಬಂದಿರುವ ನಾವು, ನಮ್ಮದೇ ಒಂದು ಸಂಗತಿಯನ್ನು ಐದು ವರ್ಷಗಳಿಂದ ಮುಚ್ಚಿಟ್ಟುಕೊಂಡಿರುವುದು ನ್ಯಾಯವಲ್ಲವೆಂದು ತೋರಿದುದರಿಂದ, ಈ ಸಲ ಅದನ್ನೇ ಬರೆಯುತ್ತೇವೆ.

2020ನೆಯ ಇಸವಿಯ ಫೆಬ್ರುವರಿಯಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಕ್ಯಾನ್ಸರ್ ವ್ಯಾಧಿಯ ನಿಮಿತ್ತ ನಮ್ಮ ಎಡಗಡೆಯ ಸ್ತನವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಮುಂದಿನ ತಿಂಗಳೇ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಊರಿಗೆ ಬರುವಂತಿಲ್ಲ; ತಂಗಿಯ ಮನೆಯಲ್ಲಿಯೇ ಇದ್ದುಕೊಂಡು, ಪೊಲೀಸರು ಅಡ್ಡಗಟ್ಟಿದಲ್ಲೆಲ್ಲ ಆಸ್ಪತ್ರೆಯ ಚೀಟಿಯನ್ನು ತೋರಿಸುತ್ತ, ಔಷಧದ ಸರದಿಗಳನ್ನೂ ಅನಂತರ ಕಿರಣಚಿಕಿತ್ಸೆಯನ್ನೂ ಮುಗಿಸಿದೆವು. ಆ ಕಾಲದಲ್ಲಿ ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲವಾದ್ದರಿಂದ ತಲೆಗೂದಲು ಉದುರಿದ್ದನ್ನು ನೆಂಟರಿಷ್ಟರಲ್ಲಿ ಯಾರೂ ಕಾಣಲಿಲ್ಲ. ಸುದ್ದಿಯು ಗುಟ್ಟಾಗಿಯೇ ಉಳಿಯಿತು. ಅದು ನಮಗೆ ಆಗ ಅನುಕೂಲವೆಂದೇ ತೋರಿತ್ತು.

ನಮ್ಮ ಅಜ್ಜಿಯವರ ಕಾಲದಲ್ಲಿ ಈ ವ್ಯಾಧಿಯ ಹೆಸರನ್ನೇ ಎತ್ತುತ್ತಿರಲಿಲ್ಲ. ‘ಅವಳಿಗೆ ಅದಂತೆ’ ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳುತ್ತಿದ್ದರು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ತಮ್ಮ ತಂಗಿಯನ್ನು 1923ರಲ್ಲಿ ಕ್ಯಾನ್ಸರಿಗೆ ಕಳೆದುಕೊಂಡು, ಆ ದುಃಖವನ್ನು ಮೂವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದು, 1954ರಲ್ಲಿ ಮದರಾಸಿನ ಅಡಯಾರಿನಲ್ಲಿ ಈ ವ್ಯಾಧಿಗಾಗಿಯೇ ಒಂದು ಆಸ್ಪತ್ರೆಯನ್ನು ತೆರೆದರು. ಅಂಥವರು ಬಾಯಿಬಿಟ್ಟು ಮಾತನಾಡಿದ್ದರಿಂದ ಇಂದು ನಮ್ಮಂಥವರು ಬದುಕಿರುವೆವು. ಅದನ್ನು ಅರಿತೂ ನಾವು ಬಾಯಿ ಮುಚ್ಚಿಕೊಂಡಿದ್ದೆವು.

ಅದಿರಲಿ. ಈ ಫೆಬ್ರುವರಿಗೆ ಐದು ವರ್ಷ ತುಂಬಿತು. ಐದು ವರ್ಷವೆಂಬ ಲೆಕ್ಕಕ್ಕೆ ವೈದ್ಯರಲ್ಲಿ ಬಹಳ ಬೆಲೆಯುಂಟು. ನೂರು ಮಂದಿ ರೋಗಿಗಳಲ್ಲಿ ಐದು ವರ್ಷದ ತರುವಾಯ ಎಷ್ಟು ಮಂದಿ ಬದುಕಿರುವರೆಂದು ಎಣಿಸಿ, ಒಂದು ಚಿಕಿತ್ಸೆಯನ್ನು ಇನ್ನೊಂದರೊಡನೆ ಹೋಲಿಸಿ ನೋಡುವುದು ಅವರ ಪದ್ಧತಿ. ಅದು ಎಣಿಕೆಯ ಅನುಕೂಲಕ್ಕಾಗಿ ಇಟ್ಟುಕೊಂಡ ಗಡುವು. ಮನೆಯವರು ಮಾತ್ರ ಅದನ್ನು ರೋಗವೇ ಒಪ್ಪಿಕೊಂಡು ಸಹಿ ಹಾಕಿದ ಗಡುವೆಂದು ತಿಳಿಯುವರು. ನಮ್ಮ ಯಜಮಾನರು, ‘ಇನ್ನು ಮುಗಿಯಿತು, ಹೋಳಿಗೆ ಮಾಡಿಸೋಣ’ ಎಂದರು. ಅತ್ತೆಯವರು ಹೊತ್ತಿದ್ದ ಹರಕೆಯ ನೆನಪು ಮಾಡಿದರು. ನಾವು ನಕ್ಕು, ಪರೀಕ್ಷೆಯಾಗಲಿ, ಆಮೇಲೆ ನೋಡೋಣವೆಂದೆವು.

ನಿಜವನ್ನು ಹೇಳಬೇಕಾದರೆ, ಆ ಪರೀಕ್ಷೆಗೆ ಹೋಗಲು ನಮಗೆ ಮನಸ್ಸಿರಲಿಲ್ಲ. ಮೊದಲ ಮೂರು ವರ್ಷ ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ, ಅನಂತರ ಎರಡು ವರ್ಷ ಆರು ತಿಂಗಳಿಗೊಮ್ಮೆ ವೈದ್ಯರಿಗೆ ಮೈ ತೋರಿಸಿ ಬರುತ್ತಿದ್ದೆವು. ವರ್ಷಕ್ಕೊಮ್ಮೆ ಉಳಿದ ಸ್ತನದ ಮ್ಯಾಮೊಗ್ರಾಂ. ಹೋಗುತ್ತ ಹೋಗುತ್ತ ಭಯವು ಕಡಿಮೆಯಾಗಬೇಕಷ್ಟೆ? ಆಗಲಿಲ್ಲ. ಮೊದಲ ವರ್ಷ ಕಳೆದುಕೊಳ್ಳುವುದಕ್ಕೆ ನಮ್ಮಲ್ಲಿ ಏನೂ ಉಳಿದಿಲ್ಲವೆಂಬ ಒಂದು ಬಗೆಯ ಮೊಂಡುಧೈರ್ಯವಿತ್ತು. ಈಗ ತಲೆಯಲ್ಲಿ ಕೂದಲಿದೆ, ಮಗಳಿಗೊಂದು ಮಗುವಾಗಿದೆ, ಬಚ್ಚಲ ಹಿಂದಿನ ಕರಿಬೇವು ಮಾಡಿನೆತ್ತರಕ್ಕೆ ಬೆಳೆದಿದೆ. ಫೆಬ್ರುವರಿಯ ದಿನವನ್ನು ನೆಂಟರ ಮನೆಯ ಮದುವೆಯ ನೆಪ ಹೇಳಿ ಮಾರ್ಚಿಗೆ ದೂಡಿದೆವು. ಮದುವೆಗೆ ಹೋದದ್ದು ಅರ್ಧ ದಿನ.

ಕೊನೆಗೊಂದು ರಾತ್ರಿ ಸಾಗರದಲ್ಲಿ ರೈಲು ಹತ್ತಿದೆವು. ಬೆಳಗ್ಗೆ ಆಸ್ಪತ್ರೆಯಲ್ಲಿ ತಂಗಿಯು ಜೊತೆಗೂಡಿದಳು. ಮ್ಯಾಮೊಗ್ರಾಂ ಎಂದರೇನೆಂದು ಅರಿಯದ ಸೋದರಿಯರಿಗಾಗಿ ಒಂದೆರಡು ಮಾತು. ಸ್ತನವನ್ನು ಎರಡು ಹಲಗೆಗಳ ನಡುವೆ ಇಟ್ಟು ಒತ್ತಿ ಹಿಡಿದು ಕ್ಷಕಿರಣದಿಂದ ಚಿತ್ರ ತೆಗೆಯುವರು. ಒಮ್ಮೆ ಮೇಲಿನಿಂದ, ಒಮ್ಮೆ ಓರೆಯಾಗಿ. ಒತ್ತದಿದ್ದರೆ ಒಳಗಿನ ಪದರಗಳು ಒಂದರ ಮೇಲೊಂದು ಬಿದ್ದು ಚಿತ್ರವು ಮಸುಕಾಗುವುದು. ನೋವಾಗದೆಂದು ಹೇಳಿದರೆ ಸುಳ್ಳಾದೀತು, ಆದರೆ ಅದು ಕೆಲವು ಸೆಕೆಂಡುಗಳ ಮಾತು. ಈ ಪುಟದಲ್ಲಿ ನಾವು, ನಾವು ಎಂದು ಬರೆಯುವುದು ನಮ್ಮ ವಾಡಿಕೆ; ಆ ಕೋಣೆಯೊಳಕ್ಕೆ ಮಾತ್ರ ಒಬ್ಬರೇ ಹೋಗಬೇಕು.

ಚಿತ್ರ ತೆಗೆದ ಹುಡುಗಿ ಹೊರಗೆ ಬಂದು, ‘ಅಮ್ಮಾ, ಇನ್ನೊಂದು ಚಿತ್ರ ಬೇಕಂತೆ, ಸ್ವಲ್ಪ ಕೂತಿರಿ’ ಎಂದಳು.

ಸ್ವಲ್ಪವೆಂದರೆ ಮುಕ್ಕಾಲು ಗಂಟೆ. ಪಕ್ಕದಲ್ಲಿ ಹಾಸನದ ಕಡೆಯ ಒಬ್ಬ ಹೆಂಗಸು ಕುಳಿತಿದ್ದರು. ‘ಅಕ್ಕಾ, ನಿಮ್ದು ಎಷ್ಟನೇ ವರ್ಷ?’ ಎಂದು ಶಾಲೆಯ ತರಗತಿಯನ್ನು ಕೇಳುವಂತೆ ಕೇಳಿದರು. ಐದು ಎಂದೆವು. ‘ನಂದು ಮೂರು. ಹೋದ ವರ್ಷ ಬರಾಕಾಗ್ಲಿಲ್ಲ. ಚೆನ್ನಾಗೇ ಇದೀಯಲ್ಲ, ಸುಮ್ನೆ ಯಾಕೆ ಖರ್ಚು ಅಂದ್ರು ಮನೇಲಿ.’ ಈ ಸಲ ಯಾರು ಕಳುಹಿಸಿದರೆಂದು ಕೇಳಿದ್ದಕ್ಕೆ, ಹಾಲಿನ ಡೈರಿಯ ಹಣ ತಮ್ಮ ಕೈಗೇ ಬಂದಿತ್ತೆಂದೂ, ಯಾರಿಗೂ ಹೇಳದೆ ಬಸ್ಸು ಹತ್ತಿದೆನೆಂದೂ ಹೇಳಿದರು. ನಮಗೆ ನಮ್ಮ ಮದುವೆಯ ನೆಪ ನೆನಪಾಗಿ ನಾಚಿಕೆಯಾಯಿತು.

ಆ ಮುಕ್ಕಾಲು ಗಂಟೆಯಲ್ಲಿಯೇ ತಂಗಿಯು ಒಂದು ಮಾತು ಹೊರಗೆಡವಿದಳು. ಒಡಹುಟ್ಟಿದವಳಿಗೆ ಈ ವ್ಯಾಧಿ ಬಂದಿದ್ದರೆ ಉಳಿದ ಅಕ್ಕತಂಗಿಯರಿಗೆ ಬರುವ ಸಂಭವ ಇತರರಿಗಿಂತ ಹೆಚ್ಚು. ಆದುದರಿಂದ ಅವಳೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು 2020ರಲ್ಲಿಯೇ ವೈದ್ಯರು ಹೇಳಿದ್ದರಂತೆ. ‘ನಿನ್ನದು ಮುಗಿಯಲಿ ಎಂದುಕೊಂಡೆ ಅಕ್ಕಾ. ಆಮೇಲೆ ನೀನು ಚೆನ್ನಾದೆ, ಬಿಟ್ಟುಬಿಟ್ಟೆ’ ಎಂದಳು. ಐದು ವರ್ಷ ನಮ್ಮನ್ನು ಈ ಬಾಗಿಲವರೆಗೆ ತಪ್ಪದೆ ಕರೆತಂದವಳು ತಾನು ಒಂದು ಸಲವೂ ಒಳಗೆ ಹೋಗಿರಲಿಲ್ಲ. ನಮಗೆ ಸಿಟ್ಟು ಬಂದಿತು. ನಮ್ಮ ಚಿತ್ರದ ವಿಷಯವನ್ನು ಸ್ವಲ್ಪ ಹೊತ್ತು ಮರೆತೇಬಿಟ್ಟೆವು.

ಎರಡನೆಯ ಚಿತ್ರದಲ್ಲಿ ಏನೂ ಕಾಣಲಿಲ್ಲ. ಮೊದಲನೆಯದರಲ್ಲಿ ಕಂಡದ್ದು ಪದರಗಳ ಮಡಿಕೆಯ ನೆರಳು.

ವೈದ್ಯರೊಡನೆ ಆದ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಯಜಮಾನರಂತೆ ಯೋಚಿಸುವವರು ಅನೇಕ ಮನೆಗಳಲ್ಲಿ ಉಂಟು. ಅವರು, ‘ಹೇಗೂ ಬಂದಿದ್ದೇವೆ, ಐದು ವರ್ಷವೂ ಆಯಿತು, ತಲೆಯಿಂದ ಕಾಲಿನವರೆಗೆ ಒಂದು ಸ್ಕ್ಯಾನ್ ಮಾಡಿಸಿಬಿಡಿ’ ಎಂದರು. ವೈದ್ಯರು ಒಪ್ಪಲಿಲ್ಲ. ಇಟಲಿ ದೇಶದಲ್ಲಿ ನಮ್ಮಂಥ ಎರಡೂವರೆ ಸಾವಿರಕ್ಕೂ ಹೆಚ್ಚು ಮಂದಿ ಸ್ತ್ರೀಯರನ್ನು ಎರಡೆರಡು ಗುಂಪು ಮಾಡಿ, ಒಂದು ಗುಂಪಿಗೆ ಮೂಳೆ, ಎದೆ ಮುಂತಾದವುಗಳ ಚಿತ್ರಗಳನ್ನು ಕಾಲಕಾಲಕ್ಕೆ ತೆಗೆದೂ, ಇನ್ನೊಂದಕ್ಕೆ ವೈದ್ಯರ ತಪಾಸಣೆ ಮತ್ತು ಮ್ಯಾಮೊಗ್ರಾಂ ಮಾತ್ರ ಮಾಡಿಯೂ ನೋಡಿದ ಎರಡು ಅಧ್ಯಯನಗಳು 1994ರಲ್ಲಿ ಪ್ರಕಟವಾಗಿವೆ. ಬದುಕಿ ಉಳಿದವರ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ತೊಂದರೆ ಏನೂ ಇಲ್ಲದವರಿಗೆ ಮೈಯೆಲ್ಲ ಸ್ಕ್ಯಾನ್ ಬೇಡವೆಂಬುದು ಈಗಿನ ಪದ್ಧತಿ. ಹೊಸ ಗಂಟು, ಬಿಡದೆ ಕಾಡುವ ಮೂಳೆನೋವು, ವಾರಗಟ್ಟಲೆ ನಿಲ್ಲದ ಕೆಮ್ಮು, ಉಬ್ಬಸ, ಕಾರಣವಿಲ್ಲದೆ ಮೈ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಗೊತ್ತಾದ ದಿನಕ್ಕಾಗಿ ಕಾಯದೆ ಬರತಕ್ಕದ್ದೆಂದು ಕಟ್ಟುನಿಟ್ಟಾಗಿ ಹೇಳಿದರು. ಯಜಮಾನರಿಗೆ ಸಮಾಧಾನವಾಗಲಿಲ್ಲ. ಹಣ ಕೊಡುತ್ತೇವೆಂದರೂ ಬೇಡವೆನ್ನುವ ವೈದ್ಯರನ್ನು ಅವರು ಕಂಡಿರಲಿಲ್ಲ.

ಹಾಗಾದರೆ ಮುಗಿಯಿತೇ ಎಂದು ನಾವೇ ಕೇಳಿದೆವು. ನಮ್ಮದು ಹಾರ್ಮೋನಿನ ಬಲದಿಂದ ಬೆಳೆಯುವ ಜಾತಿಯದು. ಹಾರ್ಮೋನಿನ ಹಂಗಿಲ್ಲದ ಜಾತಿಗಳಲ್ಲಿ ಮರುಕಳಿಸುವ ಭಯವು ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲಿಯೇ. ನಮ್ಮ ಜಾತಿಯದು ಹಾಗಲ್ಲ. ಐದು ವರ್ಷ ಮಾತ್ರೆ ನುಂಗಿ ನಿಲ್ಲಿಸಿದ 60,000ಕ್ಕೂ ಹೆಚ್ಚು ಸ್ತ್ರೀಯರ ಲೆಕ್ಕವು 2017ರಲ್ಲಿ ಪ್ರಕಟವಾಯಿತು; ಅವರಲ್ಲಿ ಕೆಲವರಿಗೆ ಐದನೆಯ ವರ್ಷದಿಂದ ಇಪ್ಪತ್ತನೆಯ ವರ್ಷದವರೆಗೂ ಒಂದೇ ಸಮನಾಗಿ ವ್ಯಾಧಿಯು ಮರಳುತ್ತ ಬಂದಿತ್ತು. ಎಷ್ಟು ಮಂದಿಗೆ ಎಂಬುದು ಮೊದಲಿನ ಗಡ್ಡೆಯ ಗಾತ್ರವನ್ನೂ ಅದು ಕಂಕುಳಿನ ಗ್ರಂಥಿಗಳಿಗೆ ಹಬ್ಬಿತ್ತೇ ಎಂಬುದನ್ನೂ ಹೊಂದಿಕೊಂಡಿದೆ. ನಮ್ಮ ಎರಡು ಗ್ರಂಥಿಗಳಿಗೆ ಹಬ್ಬಿತ್ತು. ಲೆಟ್ರೊಜೋಲ್ ಮಾತ್ರೆಯನ್ನು ಇನ್ನೂ ಎರಡು ವರ್ಷ ಮುಂದುವರಿಸುವುದೆಂದು ತೀರ್ಮಾನವಾಯಿತು. ಬೆಳಗ್ಗೆ ಏಳುವಾಗ ಮಂಡಿ ಹಿಡಿದುಕೊಳ್ಳುವುದು ಇದರಿಂದಲೇ; ಮೂಳೆಯನ್ನೂ ಇದು ಸವೆಸುವುದಾದ್ದರಿಂದ ಅದರ ಸಾಂದ್ರತೆಯ ಪರೀಕ್ಷೆಯೂ ಆಯಿತು. ಇನ್ನು ಮುಂದೆ ತಪಾಸಣೆ ವರ್ಷಕ್ಕೊಂದೇ ಸಲ. ನಮಗೆ ದೊರೆತ ಬಿಡುಗಡೆ ಅಷ್ಟು.

ಕೋಣೆಯಿಂದ ಹೊರಗೆ ಬಂದೊಡನೆ ತಂಗಿಯ ಕೈಹಿಡಿದು ಹೆಸರು ಬರೆಯಿಸುವ ಕಿಟಕಿಗೆ ಕರೆದೊಯ್ದೆವು. ಅಂದು ಆಗುವುದಿಲ್ಲವೆಂದು ಎಂಟು ದಿನದ ಮುಂದಿನ ದಿನ ಕೊಟ್ಟರು. ಯಜಮಾನರನ್ನು ಊರಿಗೆ ಕಳುಹಿಸಿ ನಾವು ಅಲ್ಲಿಯೇ ಉಳಿದೆವು. ಅಂಕಣವು ತಪ್ಪಿದ್ದು ಆ ಎಂಟು ದಿನದಿಂದ. ಅವಳು ಒಳಗೆ ಹೋದಾಗ ಹೊರಗಿನ ಬೆಂಚಿನ ಮೇಲೆ ಕುಳಿತಿರುವುದು ಒಳಗೆ ಹೋಗುವುದಕ್ಕಿಂತ ಕಷ್ಟವೆಂದು ಆಗ ತಿಳಿಯಿತು. ಐದು ವರ್ಷ ಅವಳು ಅಲ್ಲಿಯೇ ಕುಳಿತಿದ್ದಳು. ಅವಳ ಚಿತ್ರದಲ್ಲಿಯೂ ಏನೂ ಇರಲಿಲ್ಲ. ಮುಂದಿನ ವರ್ಷ ಇಬ್ಬರಿಗೂ ಒಂದೇ ದಿನ ಬರುವಂತೆ ಬರೆಯಿಸಿಕೊಂಡು ಬಂದಿದ್ದೇವೆ.

ನಾವು ಊರು ಸೇರುವಷ್ಟರಲ್ಲಿ ಅತ್ತೆಯವರು ಅಪ್ಪೆಮಿಡಿಯನ್ನು ತಾವೇ ಉಪ್ಪಿಗೆ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿದ್ದರು. ಹೋಳಿಗೆಯೂ ಆಯಿತು. ಹಲಸಿನ ಹಪ್ಪಳವು ಕರಿಯುವಾಗ ಕೆಂಪಾಗುವುದೇಕೆಂದು ಕೇಳಿರುವ ಸೋದರಿಯರಿಗೆ ಮುಂದಿನ ತಿಂಗಳು ಉತ್ತರ ಬರೆಯುತ್ತೇವೆ.